ಮಾಸ್ಕ್, ಬಾಯಿಯ ಸಾಧನ, ದವಡೆಯ ಶಸ್ತ್ರಚಿಕಿತ್ಸೆ: ಸ್ಲೀಪ್ ಅಪ್ನಿಯಾ ಇರುವ ವಯಸ್ಕರು ಆರಿಸಿಕೊಳ್ಳುವುದು ಹೇಗೆ?

ನನ್ನ ಅಣ್ಣ ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರು. ನಾಲ್ಕು ವರ್ಷಗಳ ಹಿಂದೆ ಹಬ್ಬಕ್ಕೆಂದು ತುಮಕೂರಿನ ನಮ್ಮ ಮನೆಗೆ ಬಂದು ನಡುಮನೆಯಲ್ಲಿ ಮಲಗಿದ್ದ ಅವನ ಗೊರಕೆ ನಡುರಾತ್ರಿ ಇದ್ದಕ್ಕಿದ್ದಂತೆ ನಿಂತುಹೋಯಿತು, ಆ ನಿಶ್ಶಬ್ದಕ್ಕೇ ನನಗೆ ಎಚ್ಚರವಾಯಿತು. ಎದ್ದು ನೋಡಿದರೆ ಅವನ ಎದೆ ಏರಿಳಿಯುತ್ತಿತ್ತು, ಹೊಟ್ಟೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಆದರೆ ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯ ಸುಳಿವೇ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂವತ್ತೆರಡು ಸೆಕೆಂಡು ಎಣಿಸಿದ ಮೇಲೆ, ನೀರಿನಲ್ಲಿ ಮುಳುಗಿದವನು ಮೇಲೆ ಬಂದಂತೆ ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಂಡು ಮಗ್ಗುಲು ಬದಲಿಸಿದ. ಬೆಳಿಗ್ಗೆ ಅತ್ತಿಗೆಗೆ ಹೇಳಿದರೆ ಅವರು ಕಾಫಿ ಸೋಸುತ್ತಲೇ, "ದಿನಾ ರಾತ್ರಿ ಹಿಂಗೇ ಆಗುತ್ತೆ, ನಾನು ಕೈಯಿಂದ ತಟ್ಟಿ ತಟ್ಟಿ ಎಬ್ಬಿಸ್ತೀನಿ" ಎಂದರು.

ಅಲ್ಲಿಂದ ಮುಂದಿನ ಎರಡು ವರ್ಷ ನಾನು ಅವನ ಜೊತೆ ತುಮಕೂರು ಮತ್ತು ಬೆಂಗಳೂರಿನ ವೈದ್ಯರ ಕೊಠಡಿಗಳಲ್ಲಿ ಕೂತು ಕೇಳಿದ್ದು, ಓದಿಕೊಂಡದ್ದು, ಮನೆಯಲ್ಲಿ ಕಣ್ಣಾರೆ ಕಂಡದ್ದು ಈ ಬರಹದಲ್ಲಿದೆ. ನಾನು ವೈದ್ಯನಲ್ಲ. ಆದರೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಈ ರೋಗ, ಪತ್ತೆಯಾದ ಮೇಲೆ ಮಾಸ್ಕಿನ ಯಂತ್ರವೋ, ಬಾಯಿಯ ಸಾಧನವೋ, ದವಡೆಯ ಶಸ್ತ್ರಚಿಕಿತ್ಸೆಯೋ ಎಂದು ತೀರ್ಮಾನಿಸಲಾಗದೆ ನಿಂತಿರುವ ಮನೆಯವರಿಗೆ ಯಾವ ಪ್ರಶ್ನೆಗಳನ್ನು ಕೇಳಬೇಕೆಂಬುದಾದರೂ ಇದರಿಂದ ಗೊತ್ತಾದೀತು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ವರದಿಯಲ್ಲಿ ನೋಡಬೇಕಾದದ್ದು

ಆಯ್ಕೆಯ ಮಾತು ಶುರುವಾಗುವುದು ನಿದ್ರಾ ಪರೀಕ್ಷೆಯ ವರದಿಯಿಂದ. ಉಸಿರು ಕನಿಷ್ಠ 10 ಸೆಕೆಂಡು ಪೂರ್ತಿ ನಿಂತರೆ ಅದನ್ನು ಅಪ್ನಿಯಾ ಎಂದೂ, ಉಸಿರಾಟ ಸಣ್ಣದಾಗಿ ರಕ್ತದ ಆಮ್ಲಜನಕ ಇಳಿದರೆ ಅಥವಾ ಮೆದುಳು ಎಚ್ಚೆತ್ತರೆ ಅದನ್ನು ಹೈಪೋಪ್ನಿಯಾ ಎಂದೂ ಎಣಿಸುತ್ತಾರೆ. ಗಂಟೆಗೆ ಸರಾಸರಿ ಇಂಥವು ಎಷ್ಟಾದವು ಎಂಬ ಸಂಖ್ಯೆಯೇ ಎಎಚ್‌ಐ. ವಯಸ್ಕರಲ್ಲಿ 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ. ಅಣ್ಣನದು 56 ಇತ್ತು, ಅಂದರೆ ಹೆಚ್ಚು ಕಡಿಮೆ ನಿಮಿಷಕ್ಕೊಮ್ಮೆ ಅವನ ನಿದ್ದೆ ಮುರಿಯುತ್ತಿತ್ತು.

ಇದರ ಜೊತೆಗೆ ಹಗಲಿನ ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಪ್ರಶ್ನಾವಳಿ ಇದೆ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಇದರಲ್ಲಿ ಎಂಟು ಸಂದರ್ಭಗಳಿವೆ, ಒಟ್ಟು ಅಂಕ 24, ಹತ್ತನ್ನು ದಾಟಿದರೆ ತೂಕಡಿಕೆ ಅತಿಯಾಗಿದೆ ಎಂದರ್ಥ. ಒಂದು ಗಂಟೆ ವಾಹನದಲ್ಲಿ ಪ್ರಯಾಣಿಕರಾಗಿ ಕೂತಾಗ ನಿದ್ದೆ ಬರುತ್ತದೆಯೇ ಎಂಬುದು ಅವುಗಳಲ್ಲೊಂದು. ದಿನವೂ ಮುಂಜಾನೆ ರೈಲಿಗೋ ಬಸ್ಸಿಗೋ ಬೆಂಗಳೂರಿಗೆ ಹೋಗಿಬರುವ ತುಮಕೂರಿನವರು ಈ ಪ್ರಶ್ನೆಗೆ ಹೌದೆಂದೇ ಹೇಳುತ್ತಾರೆ, ಅದೊಂದರಿಂದ ಗಾಬರಿಯಾಗಬೇಕಿಲ್ಲ. ಆದರೆ ಎದುರಿಗಿದ್ದವರ ಜೊತೆ ಮಾತಾಡುತ್ತಿರುವಾಗಲೇ ಜೊಂಪು ಹತ್ತುವುದು, ಸಿಗ್ನಲ್ಲಿನಲ್ಲಿ ಗಾಡಿ ನಿಂತ ಎರಡು ನಿಮಿಷದಲ್ಲಿ ಕಣ್ಣು ಮುಚ್ಚಿಹೋಗುವುದು ಬೇರೆಯೇ ಮಾತು. ಹೆದ್ದಾರಿಯಲ್ಲಿ ಗಾಡಿ ಓಡಿಸುವವರಿಗೆ ಇಂಥದ್ದು ಒಮ್ಮೆ ಆದರೂ ಸಾಕು, ಚಿಕಿತ್ಸೆಯನ್ನು ಮುಂದೂಡಬಾರದು.

ಜೀವನದ ಗುಣಮಟ್ಟ ಎಂದು ವೈದ್ಯಕೀಯದಲ್ಲಿ ಕರೆಯುವುದು ಇಂಥ ಸಂಗತಿಗಳನ್ನೇ: ಹಗಲಿನ ಎಚ್ಚರ, ನೆನಪು, ಸಿಡುಕು, ಗಂಡಹೆಂಡಿರ ಸಂಬಂಧ, ಕೆಲಸದ ಮೇಲಿನ ಗಮನ. ಎಎಚ್‌ಐ ಇಳಿದೂ ಇವು ಸುಧಾರಿಸದಿರಬಹುದು. ಆದ್ದರಿಂದ ಚಿಕಿತ್ಸೆಗೆ ಮೊದಲು ಎರಡನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೂರು ದಾರಿಗಳು, ಒಂದು ಲೆಕ್ಕ

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದಾಗ ನಾಲಿಗೆಯ ಬುಡ ಮತ್ತು ಮೃದು ಅಂಗುಳ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಮುಚ್ಚುತ್ತವೆ. ಸಿಪ್ಯಾಪ್ ಯಂತ್ರ ಮಾಸ್ಕಿನ ಮೂಲಕ ಒತ್ತಡದ ಗಾಳಿಯನ್ನು ಊದಿ ಈ ದಾರಿ ಮುಚ್ಚದಂತೆ ತಡೆಹಿಡಿಯುತ್ತದೆ. ಸಿಡ್ನಿಯ ಕಾಲಿನ್ ಸುಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಜಗತ್ತಿಗೆ ತೋರಿಸಿದಂದಿನಿಂದ ಇಂದಿನವರೆಗೂ ಮಧ್ಯಮ ಮತ್ತು ತೀವ್ರ ಕಾಯಿಲೆಗೆ ವೈದ್ಯರು ಮೊದಲು ಹೇಳುವುದು ಇದನ್ನೇ. ಬಾಯಿಯ ಸಾಧನವೆಂದರೆ ದಂತವೈದ್ಯರು ಮೇಲಿನ ಮತ್ತು ಕೆಳಗಿನ ಹಲ್ಲುಗಳ ಅಚ್ಚು ತೆಗೆದು ಮಾಡಿಕೊಡುವ, ಮಲಗುವಾಗ ಹಾಕಿಕೊಂಡರೆ ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುವ ಉಪಕರಣ. ಶಸ್ತ್ರಚಿಕಿತ್ಸೆಯಲ್ಲಿ ಮೇಲ್ದವಡೆ ಮತ್ತು ಕೆಳದವಡೆ ಎರಡರ ಮೂಳೆಯನ್ನೂ ಕತ್ತರಿಸಿ ಸುಮಾರು 10 ಮಿಲಿಮೀಟರ್ ಮುಂದಕ್ಕೆ ತಂದು ಟೈಟೇನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಭದ್ರಪಡಿಸುತ್ತಾರೆ.

ಇವನ್ನು ಹೋಲಿಸುವಾಗ ನಾವು ಮೊದಲು ಮಾಡಿದ ತಪ್ಪೆಂದರೆ ಯಾವುದು ಎಎಚ್‌ಐಯನ್ನು ಹೆಚ್ಚು ಇಳಿಸುತ್ತದೆ ಎಂದಷ್ಟೇ ಕೇಳಿದ್ದು. ಹಾಗೆ ಕೇಳಿದರೆ ಸಿಪ್ಯಾಪೇ ಗೆಲ್ಲುತ್ತದೆ. ಆದರೆ ಅದು ಕೆಲಸ ಮಾಡುವುದು ಮಾಸ್ಕ್ ಮುಖದ ಮೇಲಿರುವಷ್ಟು ಹೊತ್ತು ಮಾತ್ರ. ಅಣ್ಣನ ಯಂತ್ರದ ಮೆಮೊರಿ ಕಾರ್ಡಿನಲ್ಲಿ ಮೂರು ತಿಂಗಳ ಸರಾಸರಿ ರಾತ್ರಿಗೆ ಮೂರು ಗಂಟೆ ಇತ್ತು. ಮಾಸ್ಕ್ ಇದ್ದಾಗ ಎಎಚ್‌ಐ 4, ತೆಗೆದಿಟ್ಟ ಮೇಲೆ ಮತ್ತೆ 56. ಏಳು ಗಂಟೆಯ ನಿದ್ದೆಯಲ್ಲಿ ಮೂರು ಗಂಟೆ 4 ಮತ್ತು ಉಳಿದ ನಾಲ್ಕು ಗಂಟೆ 56 ಎಂದು ಲೆಕ್ಕ ಹಾಕಿದರೆ ಇಡೀ ರಾತ್ರಿಯ ಸರಾಸರಿ 34 ಬರುತ್ತದೆ, ಅಂದರೆ ಇನ್ನೂ ತೀವ್ರವೇ. ಬಾಯಿಯ ಸಾಧನ ಎಎಚ್‌ಐಯನ್ನು ಅರ್ಧಕ್ಕೆ ಮಾತ್ರ ಇಳಿಸಿದರೂ ಆರು ಗಂಟೆ ಹಾಕಿಕೊಂಡರೆ ಸರಾಸರಿ 32. ಶಸ್ತ್ರಚಿಕಿತ್ಸೆಯ ನಂತರ 9ಕ್ಕೆ ಇಳಿದರೆ ಏಳು ಗಂಟೆಯೂ 9, ಏಕೆಂದರೆ ಮೂಳೆಯನ್ನು ರಾತ್ರಿ ತೆಗೆದಿಡಲಾಗುವುದಿಲ್ಲ. ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು: ಅದೇ ಯಂತ್ರವನ್ನು ಆರೂವರೆ ಗಂಟೆ ಹಾಕಿಕೊಂಡಿದ್ದರೆ ಸರಾಸರಿ 8ಕ್ಕೆ ಇಳಿಯುತ್ತಿತ್ತು, ಚಾಕು ಮುಟ್ಟದೆಯೇ. ನಿಮ್ಮ ಆಯ್ಕೆಯನ್ನು ಮುಕ್ಕಾಲು ಪಾಲು ತೀರ್ಮಾನಿಸುವುದು ಈ ಗಂಟೆಗಳೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೊಡ್ಡ ಪ್ರಯೋಗಗಳಲ್ಲೂ ಈ ಮಾತಿಗೆ ಆಧಾರ ಕಾಣುತ್ತದೆ. 2016ರಲ್ಲಿ ಪ್ರಕಟವಾದ ಸೇವ್ ಎಂಬ ಪ್ರಯೋಗದಲ್ಲಿ ಹೃದಯದ ಅಥವಾ ಮೆದುಳಿನ ರಕ್ತನಾಳಗಳ ಕಾಯಿಲೆ ಇದ್ದ 2,717 ಮಂದಿ ಇದ್ದರು. ಸಿಪ್ಯಾಪ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ, ಆದರೆ ತೂಕಡಿಕೆ, ಮನಸ್ಸಿನ ಸ್ಥಿತಿ, ಜೀವನದ ಗುಣಮಟ್ಟ ಸುಧಾರಿಸಿದವು. ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ.

ಯಂತ್ರವನ್ನು ಬಿಡುವ ಮೊದಲು

ಶಸ್ತ್ರಚಿಕಿತ್ಸೆಯ ಕಡೆ ಹೊರಡುವ ಮೊದಲು ಯಂತ್ರಕ್ಕೆ ಪ್ರಾಮಾಣಿಕ ಅವಕಾಶ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಹತ್ತರಲ್ಲಿ ಏಳು ರಾತ್ರಿ, ರಾತ್ರಿಗೆ ನಾಲ್ಕು ಗಂಟೆ ಎಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಕನಿಷ್ಠ ಅಳತೆ. ಮಾಸ್ಕಿನ ಅಳತೆ ತಪ್ಪಿ ಗಾಳಿ ಕಣ್ಣಿಗೆ ಹೊಡೆಯುವುದು, ಮೂಗು ಕಟ್ಟಿಕೊಂಡು ಬಾಯಿಯಲ್ಲಿ ಉಸಿರಾಡುವುದು, ಬಾಯಿ ಒಣಗುವುದು ಇವೆಲ್ಲ ಸರಿಪಡಿಸಬಹುದಾದ ತೊಂದರೆಗಳು. ನಮ್ಮ ಕಡೆಗೇ ಸೇರಿದ ತೊಡಕುಗಳು ಕೆಲವಿವೆ. ಹಳ್ಳಿಯಲ್ಲಿ ಕರೆಂಟು ಹೋದ ಕೂಡಲೇ ಯಂತ್ರ ನಿಲ್ಲುತ್ತದೆ, ಆದ್ದರಿಂದ ಯುಪಿಎಸ್ ಬೇಕೇ ಬೇಕು. ತೇವಾಂಶದ ಡಬ್ಬಿಗೆ ಬೋರ್‌ವೆಲ್ ನೀರು ಹಾಕಿದರೆ ಕೆಲವೇ ದಿನಗಳಲ್ಲಿ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ, ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ಅಣ್ಣನ ತೊಂದರೆ ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಮೂರು ಬಗೆಯ ಮಾಸ್ಕ್ ಬದಲಿಸಿ, ಒತ್ತಡ ಸರಿಪಡಿಸಿ, ಎಂಟು ತಿಂಗಳು ಪ್ರಯತ್ನಪಟ್ಟರೂ ನಡುರಾತ್ರಿ ಅವನಿಗೆ ಅರಿವಿಲ್ಲದಂತೆಯೇ ಕೈ ಅದನ್ನು ಕಿತ್ತು ದಿಂಬಿನ ಕೆಳಗೆ ಇಟ್ಟುಬಿಡುತ್ತಿತ್ತು.

ಬಾಯಿಯ ಸಾಧನ ಸೌಮ್ಯ ಮತ್ತು ಮಧ್ಯಮ ಕಾಯಿಲೆಗೆ ಹೆಚ್ಚು ಹೊಂದುತ್ತದೆ. ಅದಕ್ಕೆ ಗಟ್ಟಿಯಾದ ಹಲ್ಲುಗಳು ಸಾಕಷ್ಟು ಇರಬೇಕು. ಜೊಲ್ಲು ಸುರಿಯುವುದು, ದವಡೆ ಕೀಲಿನ ನೋವು, ವರ್ಷಗಳು ಕಳೆದಂತೆ ಹಲ್ಲಿನ ಕಚ್ಚುವಿಕೆ ಬದಲಾಗುವುದು ಇದರ ಅಡ್ಡಪರಿಣಾಮಗಳು. ಕೀಲಿನಲ್ಲಿ ಆಗಲೇ ನೋವಿರುವವರು ಮೊದಲೇ ಹೇಳಬೇಕು.

ದವಡೆಯನ್ನು ಮುಂದಕ್ಕೆ ತಂದರೆ ಏನಾಗುತ್ತದೆ

ನಾಲಿಗೆಯ ಮುಖ್ಯ ಸ್ನಾಯು ಗದ್ದದ ಮೂಳೆಯ ಒಳಭಾಗಕ್ಕೆ ಅಂಟಿಕೊಂಡಿದೆ, ಮೃದು ಅಂಗುಳ ಮೇಲ್ದವಡೆಯ ಹಿಂಬದಿಗೆ ಜೋಡಿಸಿಕೊಂಡಿದೆ. ಗುಡಾರದ ಗೂಟವನ್ನು ಮುಂದಕ್ಕೆ ನೆಟ್ಟರೆ ಬಟ್ಟೆ ಹೇಗೆ ಬಿಗಿಯಾಗುತ್ತದೆಯೋ ಹಾಗೆ, ಮೂಳೆಗಳು ಮುಂದೆ ಬಂದರೆ ಇವೆರಡೂ ಅವುಗಳ ಜೊತೆಗೇ ಬಂದು ಹಿಂದಿನ ಗಾಳಿಯ ದಾರಿ ಅಗಲವಾಗುತ್ತದೆ, ಗಂಟಲಿನ ಪಕ್ಕದ ಗೋಡೆಗಳೂ ಕುಸಿಯುವುದು ಕಡಿಮೆಯಾಗುತ್ತದೆ. ಕಿರುನಾಲಿಗೆ, ಅಂಗುಳದ ಭಾಗವನ್ನಷ್ಟೇ ಕತ್ತರಿಸುವ ಹಳೆಯ ಶಸ್ತ್ರಚಿಕಿತ್ಸೆ ಒಂದೇ ಜಾಗವನ್ನು ಸರಿಪಡಿಸುತ್ತದೆ, ಹಾಗಾಗಿ ಅದರ ಫಲ ಅಷ್ಟು ನೆಚ್ಚುವಂಥದ್ದಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು "ಆಪರೇಷನ್ ಮಾಡಿಸಿದರೂ ಗೊರಕೆ ಹೋಗಲ್ಲ" ಎನ್ನುವವರು ಸುತ್ತಮುತ್ತ ಬೇಕಾದಷ್ಟು ಸಿಗುತ್ತಾರೆ.

ಫಲಿತಾಂಶದ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. 2016ರಲ್ಲಿ 45 ಅಧ್ಯಯನಗಳ 518 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಯಶಸ್ಸಿನ ಪ್ರಮಾಣ ಶೇಕಡಾ 85.5 ಎಂದಿದೆ. ಯಶಸ್ಸು ಎಂದರೆ ಎಎಚ್‌ಐ ಅರ್ಧಕ್ಕಿಂತ ಕೆಳಗಿಳಿದು 20ರೊಳಗೆ ಬರುವುದು. ಕಾಯಿಲೆ ಪೂರ್ತಿ ಹೋಗುವುದು, ಅಂದರೆ ಎಎಚ್‌ಐ 5ರೊಳಗೆ ಬರುವುದು, ಶೇಕಡಾ 38.5 ಮಂದಿಯಲ್ಲಿ ಮಾತ್ರ. ಎಂಬತ್ತೈದು ಎಂಬ ಸಂಖ್ಯೆಯನ್ನು ಕೇಳಿ ಒಳಗೆ ಹೋದವರು ಆರು ತಿಂಗಳ ನಂತರ ವರದಿಯಲ್ಲಿ 12 ಕಂಡಾಗ ಮೋಸಹೋದೆವೆಂದು ನೊಂದುಕೊಳ್ಳುತ್ತಾರೆ. ಹಾಗಾಗಬಾರದೆಂದರೆ ಯಶಸ್ಸು ಎಂಬ ಮಾತಿನ ಅರ್ಥವನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಜೀವನದ ಗುಣಮಟ್ಟದ ಕಡೆಯ ಅಂಕಿಗಳು ಇದಕ್ಕಿಂತ ಹುರುಪು ಕೊಡುತ್ತವೆ. ಅದೇ ವಿಶ್ಲೇಷಣೆಯಲ್ಲಿ ಎಪ್‌ವರ್ತ್ ಅಂಕ ಸರಾಸರಿ 13.5ರಿಂದ 3.2ಕ್ಕೆ ಇಳಿದಿತ್ತು, ನಿದ್ದೆಯಲ್ಲಿ ರಕ್ತದ ಆಮ್ಲಜನಕ ಮುಟ್ಟುವ ತಳ ಶೇಕಡಾ 70ರಿಂದ 87ಕ್ಕೆ ಏರಿತ್ತು. ಕಾಯಿಲೆಯ ಒಂದಿಷ್ಟು ಅಂಶ ಉಳಿದರೂ ಹಗಲು ಹಗಲಾಗಿ ಉಳಿಯುತ್ತದೆ ಎಂದು ಇದರ ಅರ್ಥ. ಇಟಲಿಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ತೀವ್ರ ಕಾಯಿಲೆಯ 50 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ದವಡೆಯ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರ ಕೊಟ್ಟರು. ಒಂದು ವರ್ಷದ ನಂತರ ಎರಡೂ ಗುಂಪಿನ ಎಎಚ್‌ಐ ಹತ್ತರೊಳಗೆ ಬಂದಿತ್ತು, ತೂಕಡಿಕೆಯೂ ಸರಿಸಮವಾಗಿ ಕಡಿಮೆಯಾಗಿತ್ತು. ಇಂಥ ನೇರ ಹೋಲಿಕೆಗಳು ವಿರಳ, ಉಳಿದ ಬಹುಪಾಲು ಅಧ್ಯಯನಗಳು ಶಸ್ತ್ರಚಿಕಿತ್ಸೆಗೆ ಸೂಕ್ತರೆಂದು ಆರಿಸಿಕೊಂಡ ರೋಗಿಗಳದ್ದು ಎಂಬುದನ್ನು ಮರೆಯಬಾರದು.

ತೆರಬೇಕಾದ ಬೆಲೆ

ಪೂರ್ಣ ಅರಿವಳಿಕೆಯಲ್ಲಿ ಹಲವು ಗಂಟೆ ನಡೆಯುವ ಶಸ್ತ್ರಚಿಕಿತ್ಸೆ ಇದು. ಕೆಲವು ದಿನ ಆಸ್ಪತ್ರೆಯಲ್ಲಿರಬೇಕು, ಮುಖದ ಊತ ಇಳಿಯಲು ವಾರಗಳು ಬೇಕು, ಸುಮಾರು ಆರು ವಾರ ಅಗಿಯುವಂತಿಲ್ಲ. ಹಲವರಿಗೆ ಮೊದಲೇ ಹಲ್ಲಿಗೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕ್ಲಿಪ್ ಹಾಕಿಸಬೇಕಾಗುತ್ತದೆ. ಪಾವಗಡ, ಮಧುಗಿರಿ, ಶಿರಾ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಲೆಗಟ್ಟಿರುವವರಿಗೆ ಕ್ಲಿಪ್ಪಿನ ಅಂಟು ಸರಿಯಾಗಿ ಹಿಡಿಯದೆ ಮತ್ತೆ ಮತ್ತೆ ಬಿಡುವುದುಂಟು, ಅದನ್ನು ದಂತವೈದ್ಯರ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು.

ಅಣ್ಣನಿಗೆ ಕೊನೆಗೆ ಈ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿದೆವು. ಆಮೇಲೆ ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ಒದಗಿದಷ್ಟು ಯಾವ ಡಬ್ಬಿಯ ಪುಡಿಯೂ ಒದಗಲಿಲ್ಲ. ಅತ್ತಿಗೆ ರಾಗಿ ಅಂಬಲಿಯನ್ನು ಎರಡು ಸಲ ಸೋಸಿ, ಮಜ್ಜಿಗೆ ಬೆರೆಸಿ, ಉದ್ದ ಮೂತಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಕೆನ್ನೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತಿದ್ದರು. ಬೇಳೆಕಟ್ಟು, ತಿಳಿಸಾರು, ಹಾಲು ಹೀಗೇ ಹೋದವು. ಆದರೂ ಮೊದಲ ತಿಂಗಳಲ್ಲಿ ಅವನ ತೂಕ ಆರು ಕಿಲೋ ಇಳಿಯಿತು. ಅಗಿಯದೆ ನುಂಗುವ ಮುದ್ದೆ ಸುಲಭವೆಂದು ಅವಸರ ಮಾಡಬೇಡಿ, ತುಟಿ ಮತ್ತು ಗದ್ದಕ್ಕೆ ಸ್ಪರ್ಶ ಬಾರದಿರುವಾಗ ತುತ್ತು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಅಣ್ಣ ಮತ್ತೆ ಮುದ್ದೆ ಮುರಿದದ್ದು ವೈದ್ಯರು ಒಪ್ಪಿದ ಮೇಲೆ, ಎರಡನೇ ತಿಂಗಳು ಕಳೆದ ನಂತರ.

ತುಟಿಯ ಈ ಮರಗಟ್ಟುವಿಕೆಯೇ ಅತ್ಯಂತ ಸಾಮಾನ್ಯವಾದ ತೊಂದರೆ. ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ಕೆಳದವಡೆಯ ಮೂಳೆಯ ಒಳಗೇ ಹಾದುಹೋಗುವುದರಿಂದ ಮೂಳೆ ಕತ್ತರಿಸುವಾಗ ಅದು ಎಳೆದಂತಾಗುತ್ತದೆ. ಬಹಳ ಮಂದಿಗೆ ಒಂದು ವರ್ಷದೊಳಗೆ ಸ್ಪರ್ಶ ಮರಳುತ್ತದೆ, ಕೆಲವರಿಗೆ ಒಂದು ಭಾಗ ಶಾಶ್ವತವಾಗಿ ಹಾಗೇ ಉಳಿಯುತ್ತದೆ. ಅತ್ತಿಗೆ ತಿಂಗಳಿಗೊಮ್ಮೆ ಅವನ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ತುಟಿಯನ್ನು ಮುಟ್ಟಿ, ಅವನು ಬೆರಳೆತ್ತದ ಜಾಗವನ್ನು ಪೆನ್ನಿನಿಂದ ಗುರುತು ಮಾಡುತ್ತಿದ್ದರು. ಆರಂಭದಲ್ಲಿ ಗದ್ದವೆಲ್ಲ ಗೀಟಾಗಿತ್ತು. ಇಂದು ಎಡಗಡೆ ಹತ್ತು ರೂಪಾಯಿ ನಾಣ್ಯದಷ್ಟು ಜಾಗ ಉಳಿದಿದೆ, ಅಲ್ಲಿ ಅನ್ನದ ಅಗುಳು ಅಂಟಿದರೆ ಅವನಿಗೆ ಗೊತ್ತಾಗುವುದಿಲ್ಲ. ಇದನ್ನು ಸಣ್ಣದೆಂದು ಬೇರೆಯವರು ಹೇಳಬಾರದು. ನಾದಸ್ವರ, ಕೊಳಲು ನುಡಿಸುವವರಿಗೆ, ದಿನವಿಡೀ ಮಾತಾಡಿ ಬದುಕುವವರಿಗೆ ಇದರ ತೂಕವೇ ಬೇರೆ.

ಸೋಂಕು, ರಕ್ತಸ್ರಾವ, ಹಲ್ಲಿನ ಕಚ್ಚುವಿಕೆ ಕೂಡದಿರುವುದು, ಪಟ್ಟಿಗಳನ್ನು ಮತ್ತೆ ತೆಗೆಸಬೇಕಾಗುವುದು ಇವೂ ಸಾಧ್ಯ. ಮುಖವಂತೂ ಬದಲಾಗುತ್ತದೆ. ಗದ್ದ ಹಿಂದಿರುವವರಿಗೆ ಅದು ಒಳ್ಳೆಯ ಬದಲಾವಣೆಯೇ ಆಗಬಹುದು. ಆದರೆ ನಮ್ಮಲ್ಲಿ ಹಲವರಿಗೆ ಹಲ್ಲು, ತುಟಿ ಮೊದಲೇ ತುಸು ಮುಂದಿರುತ್ತವೆ, ಅಂಥವರ ಎರಡೂ ದವಡೆಗಳನ್ನು ಹಾಗೆಯೇ ಮುಂದಕ್ಕೆ ತಂದರೆ ಬಾಯಿ ಉಬ್ಬಿದಂತೆ ಕಾಣುತ್ತದೆ. ದವಡೆಗಳನ್ನು ತುಸು ತಿರುಗಿಸಿ ಕೂರಿಸುವ ಮೂಲಕ ಶಸ್ತ್ರವೈದ್ಯರು ಇದನ್ನು ತಗ್ಗಿಸುತ್ತಾರೆ. ಕಂಪ್ಯೂಟರಿನಲ್ಲಿ ಮುಂದಿನ ಮುಖದ ಅಂದಾಜು ಚಿತ್ರವನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಯಾರಿಗೆ ಯಾವುದು

ಯಂತ್ರವನ್ನು ಆರಾಮವಾಗಿ ಹಾಕಿಕೊಳ್ಳಬಲ್ಲವರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ ಎಂದು ನಾನು ನೇರವಾಗಿ ಹೇಳುತ್ತೇನೆ. ಕಾಯಿಲೆ ಸೌಮ್ಯವಾಗಿದ್ದು ಹಲ್ಲು ಗಟ್ಟಿಯಿದ್ದರೆ ಬಾಯಿಯ ಸಾಧನದಿಂದ ಶುರುಮಾಡಬಹುದು. ಕಾಯಿಲೆ ಮಧ್ಯಮ ಅಥವಾ ತೀವ್ರವಾಗಿದ್ದು, ತಿಂಗಳುಗಟ್ಟಲೆ ಪ್ರಯತ್ನಿಸಿಯೂ ಮಾಸ್ಕ್ ಒಗ್ಗದೆ, ಪಕ್ಕದಿಂದ ನೋಡಿದರೆ ಗದ್ದ ಸ್ಪಷ್ಟವಾಗಿ ಹಿಂದಿದ್ದು, ವಯಸ್ಸು ತೀರಾ ಹೆಚ್ಚಾಗಿರದೆ, ದೇಹದ ತೂಕ ಮಿತಿಯಲ್ಲಿದ್ದರೆ ದವಡೆಯ ಶಸ್ತ್ರಚಿಕಿತ್ಸೆಯನ್ನು ಎಲ್ಲ ಬಾಗಿಲೂ ಮುಚ್ಚಿದ ಮೇಲಿನ ಕೊನೆಯ ಉಪಾಯವೆಂದು ಅಂಜದೆ ಮುಂಚೆಯೇ ವಿಚಾರಿಸುವುದು ಸರಿ. ಅಣ್ಣನಿಗೆ ಕಾಲೇಜಿನ ದಿನಗಳಿಂದ ಗಡ್ಡ ಬಿಡುವ ಅಭ್ಯಾಸ. ಗದ್ದ ಚಿಕ್ಕದೆಂದು ಅದನ್ನು ಮರೆಸಲು ಬಿಟ್ಟದ್ದೆಂದು ಅವನು ವೈದ್ಯರ ಮುಂದೆ ಹೇಳಿದಾಗಲೇ ನಮಗೂ ಗೊತ್ತಾಯಿತು.

ಅಡಿಕೆ ಬೆಳೆಯುವ ತುಮಕೂರು ಜಿಲ್ಲೆಯಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರಲ್ಲಿ ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ನಿಮ್ಮದೇ ಮೂರು ಬೆರಳು ಲಂಬವಾಗಿ ಬಾಯೊಳಗೆ ಹಿಡಿಸದಿದ್ದರೆ ಅರಿವಳಿಕೆ ಕೊಡುವುದೂ ಶಸ್ತ್ರಚಿಕಿತ್ಸೆ ಮಾಡುವುದೂ ಕಷ್ಟವಾಗುತ್ತದೆ. ಧೂಮಪಾನ ಮೂಳೆ ಕೂಡುವುದನ್ನು ನಿಧಾನಿಸುತ್ತದೆ.

ತೂಕ ಇಳಿಸುವುದು ಯಾವ ದಾರಿ ಹಿಡಿದರೂ ಜೊತೆಗಿರಬೇಕಾದ ಕೆಲಸ, ಶಸ್ತ್ರಚಿಕಿತ್ಸೆಯ ನಂತರ ಮೈ ಬಂದರೆ ಗಳಿಸಿದ್ದು ಮತ್ತೆ ಕರಗುತ್ತದೆ. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗೆ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರಿನಲ್ಲಿ ಅನುಮೋದಿಸಿತು. ಗದ್ದ ಸರಿಯಿದ್ದು ಮೈ ಮಾತ್ರ ಭಾರವಿರುವವರು ಮೂಳೆಗೆ ಕೈ ಹಾಕುವ ಮೊದಲು ಈ ಕಡೆ ನೋಡಬೇಕು.

ಓಡಾಟ, ಹಣ, ಕಾಗದಪತ್ರ

ಮೊದಲ ಸಲಹೆಗೆ ಬೆಂಗಳೂರಿಗೇ ಓಡಬೇಕಿಲ್ಲ. ತುಮಕೂರಿನ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ವಿಭಾಗವಿರುತ್ತದೆ, ಎಕ್ಸ್‌ರೇ ತೆಗೆಸಿ ದವಡೆಯ ಸ್ಥಿತಿಯನ್ನು ಅಲ್ಲೇ ತಿಳಿಯಬಹುದು. ಆದರೆ ಶಸ್ತ್ರಚಿಕಿತ್ಸೆ ಮಾಡಿಸುವ ಜಾಗವನ್ನು ಆರಿಸುವಾಗ, ಅಪ್ನಿಯಾಗಾಗಿಯೇ ಎರಡೂ ದವಡೆಗಳನ್ನು ಮುಂದೆ ತಂದ ಅನುಭವ ಆ ವೈದ್ಯರಿಗೆ ಎಷ್ಟಿದೆ, ನಿದ್ರಾ ತಜ್ಞರು ಮತ್ತು ಅರಿವಳಿಕೆ ತಜ್ಞರು ಜೊತೆಗಿರುತ್ತಾರೆಯೇ, ಆ ರಾತ್ರಿ ತೀವ್ರ ನಿಗಾ ಘಟಕದಲ್ಲಿ ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಿ. ನಾವು ಮೊದಲು ಹೋದ ಒಂದು ಕಡೆ ನಿದ್ರಾ ಪರೀಕ್ಷೆಯ ವರದಿಯನ್ನು ತೆರೆದೂ ನೋಡದೆ ದಿನಾಂಕ ಗೊತ್ತುಮಾಡಲು ಹೊರಟರು, ನಾವು ಎದ್ದು ಬಂದೆವು.

ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ, ಮೇಲೆ ಕಾಲಕಾಲಕ್ಕೆ ಮಾಸ್ಕಿನ ಖರ್ಚು. ಶಸ್ತ್ರಚಿಕಿತ್ಸೆ ಲಕ್ಷಗಳ ಲೆಕ್ಕ. ಆರೋಗ್ಯ ವಿಮೆಯಲ್ಲಿ ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಹಣ ಸಿಗುವುದಿಲ್ಲ, ದವಡೆಯ ಶಸ್ತ್ರಚಿಕಿತ್ಸೆ ಎಂದಷ್ಟೇ ಬರೆದರೆ ಅದನ್ನೂ ಅದೇ ಸಾಲಿಗೆ ಸೇರಿಸುವ ಅಪಾಯವಿದೆ. ನಮಗೂ ಹಾಗೇ ಆಯಿತು. ಎಎಚ್‌ಐ ಎಷ್ಟು, ಯಂತ್ರವನ್ನು ಎಷ್ಟು ತಿಂಗಳು ಪ್ರಯತ್ನಿಸಲಾಗಿದೆ, ಈ ಚಿಕಿತ್ಸೆ ಉಸಿರಾಟಕ್ಕಾಗಿ ಏಕೆ ಅಗತ್ಯ ಎಂದು ವೈದ್ಯರು ಬರೆದುಕೊಟ್ಟ ಪತ್ರವನ್ನೂ ಮೆಮೊರಿ ಕಾರ್ಡಿನ ದಾಖಲೆಯನ್ನೂ ಲಗತ್ತಿಸಿದ ಮೇಲೆ ಒಪ್ಪಿಗೆ ಬಂತು. ಈ ಪತ್ರವನ್ನು ದಾಖಲಾಗುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಶಸ್ತ್ರಚಿಕಿತ್ಸೆಯಾದ ಆರು ತಿಂಗಳಿಗೆ ನಿದ್ರಾ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಗೊರಕೆ ನಿಂತಿದೆ, ಮೈ ಹಗುರಾಗಿದೆ ಎಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಸದ್ದಿಲ್ಲದೆಯೂ ಉಸಿರು ನಿಲ್ಲಬಲ್ಲದು. ಆ ವರದಿ ಕೈಗೆ ಬರುವವರೆಗೆ ಹಳೆಯ ಯಂತ್ರವನ್ನು ಮಾರಬೇಡಿ, ಕಾಯಿಲೆ ಸ್ವಲ್ಪ ಉಳಿದಿದ್ದರೆ ಮೊದಲಿಗಿಂತ ಕಡಿಮೆ ಒತ್ತಡದಲ್ಲಿ ಅದೇ ಯಂತ್ರ ಒಗ್ಗಿಹೋಗುವುದುಂಟು. ಅಣ್ಣನ ವರದಿಯಲ್ಲಿ 9 ಬಂದಾಗ, ಯಂತ್ರ ಬೇಕಿಲ್ಲ, ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ ಎಂದರು ವೈದ್ಯರು. ಯಂತ್ರ ಇನ್ನೂ ಅವನ ಬೀರುವಿನ ಮೇಲಿದೆ, ಅತ್ತಿಗೆ ಅದಕ್ಕೆ ಹಳೆಯ ದಿಂಬಿನ ಚೀಲ ಹೊದಿಸಿಟ್ಟಿದ್ದಾರೆ.